ಅರವತ್ತನಾಲ್ಕು ಜಿಬಿಯ ಪಾಲು

ಕಾರಿಗಿರುವುದು ಒಂದೇ ತೂತು.
ಕ್ಯಾಮೆರಾಗೂ ಅದೇ, ಹಾಡಿಗೂ ಅದೇ.
ಹೆಬ್ಬೆರಳ ಉಗುರಿನಷ್ಟು ಪೆನ್‌ಡ್ರೈವು, ಅದರೊಳಗೆ
ಕಣ್ಣಿನದೊಂದು ಸಂಸಾರ, ಕಿವಿಯದೊಂದು,
ನಡುವೆ ಗೋಡೆಯಿಲ್ಲ.

ಕ್ಯಾಮೆರಾದ ಬುದ್ಧಿ ಇಷ್ಟೇ:
ಜಾಗ ತುಂಬಿತೋ, ಹಳೆಯದನ್ನು ಅಳಿಸು, ಹೊಸದನ್ನು ಬರೆ.
ಆನಗೋಡು ದಾಟುವಾಗ ಗಾಜಿಗೆ ಬಿದ್ದ ಎಳೆಬಿಸಿಲು,
ಭರಮಸಾಗರದ ಬಳಿ ಈರುಳ್ಳಿ ಲಾರಿಯ ಬೆನ್ನು,
ದುರ್ಗ ಹತ್ತಿರಾದಂತೆ ಗುಡ್ಡದ ಮೇಲೆ
ಒಂದು ತಿರುಗುತ್ತ ಒಂದು ಸುಮ್ಮನಿರುವ ಗಾಳಿಯಂತ್ರಗಳು
ಎಲ್ಲ ಮೂರು ದಿನದ ಬಾಳು.
ಕುಲುಕಿದ್ದನ್ನು ಮಾತ್ರ ಅಳಿಸುವುದಿಲ್ಲ ಅದು.
ಗುಂಡಿಗೆ ಬಿದ್ದರೆ, ಬ್ರೇಕು ಕಚ್ಚಿದರೆ
ಅಪಘಾತವೆಂದು ತಿಳಿದು ಬೀಗ ಹಾಕಿ ಇಡುತ್ತದೆ.
ಹೀಗಾಗಿ ನನ್ನ ಎರಡು ವರ್ಷದ ತಿರುಗಾಟದಲ್ಲಿ
ನುಣ್ಣಗೆ ಸಾಗಿದ್ದೇನೂ ಉಳಿದಿಲ್ಲ.

ಕಾರು ಮೊದಲು ಇಬ್ಬರದು.
ನಾನು, ಓಬಳೇಶ. ಚೌಕಿಪೇಟೆಯಲ್ಲಿ ಯೂನಿಫಾರಂ ಬಟ್ಟೆಯಂಗಡಿ.
ಜಗಳೂರು, ಹೊಳಲ್ಕೆರೆ, ಚಳ್ಳಕೆರೆ; ಯಾವ ಶಾಲೆಗೆ ಯಾವ ಚೌಕಳಿ
ಎಂಬುದೆಲ್ಲ ಅವನ ಬಾಯಲ್ಲಿ, ಸ್ಟೀರಿಂಗು ನನ್ನ ಕೈಯಲ್ಲಿ.
ಆಮೇಲೆ ಲೆಕ್ಕದಲ್ಲಿ ಒಂದು ಥಾನು ಕಡಿಮೆ ಬಂತು.
ಥಾನೇನೋ ಸಿಕ್ಕಿತು, ಎರಡು ತಿಂಗಳ ಮೇಲೆ, ಅಟ್ಟದಲ್ಲಿ.
ಅಷ್ಟರಲ್ಲಿ ಅಂಗಡಿಯ ನಡುವೆ ಪ್ಲೈವುಡ್ ಎದ್ದಾಗಿತ್ತು.
ಅವನಿಗೆ ಬೀದಿಯ ಮೂಲೆ, ನನಗೆ ಕಾರು.
ಈಗಲೂ ಅವನು ಕತ್ತರಿ ಕೆಳಗಿಟ್ಟರೆ ನನ್ನ ಗಲ್ಲಾದವರೆಗೆ ಕೇಳುತ್ತದೆ.
ಮಾತಿಲ್ಲ.

ಮೊನ್ನೆ ಹೆಬ್ಬಾಳು ಟೋಲ್ ದಾಟಿ ಹಾಡು ಹಾಕಿದೆ.
ಯಾವುದೋ ಆರ್ಕೆಸ್ಟ್ರಾದವರದು ಮುಗಿಯಿತು, ತಬಲಾ ನಿಂತಿತು,
ಮುಂದಿನದು ಬರಬೇಕಾದಲ್ಲಿ ಬಂದದ್ದು
ಇಂಜಿನ್ನಿನ ಗೊರಗೊರ, ಶೇಂಗಾ ಸಿಪ್ಪೆಯ ಚಟಪಟ, ಮತ್ತೆ
"ಮುಂದ್ ಹಂಪ್ಸ್ ಐತಿ, ನಿಧಾನ ಹೊಡಿಯಲೇ"
ಧಡಕ್.
"ಹೇಳಿದ್ನೋ ಇಲ್ಲೋ? ನಡಾ ಮುರೀತಲ್ಲೋ!"
ನಗು. ಎರಡು ನಗು.
ಅದರಲ್ಲಿ ಒಂದು ನನ್ನದೆಂದು ಗುರುತು ಸಿಗಲು
ಎರಡು ಕಿಲೋಮೀಟರು ಬೇಕಾಯಿತು.

ಪಿ.ಬಿ. ರಸ್ತೆಯ ಮುನಾಫ್ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದ.
"ಹಾಡಿನ ಪೆಟ್ಟಿಗೆ ಕ್ಯಾಮೆರಾದ ಮನೆಗೆ ನುಗ್ಗೈತಿ ಅಣ್ಣಾ,
ಸಿಕ್ಕಿದ್ದನ್ನೆಲ್ಲ ಹಾಡು ಅಂದ್ಕೊಂಡೈತಿ.
ಇವರಿಬ್ಬರೂ ಒಂದೇ ತಟ್ಟೇಲಿ ಉಣ್ಣಲ್ಲ.
ಒಬ್ಬಂಗೆ ದುರ್ಗದ ಮುದ್ದೆ ಬೇಕು, ಒಬ್ಬಂಗೆ ನಮ್ಮೂರ ರೊಟ್ಟಿ.
ಪಾರ್ಟಿಷನ್ ಮಾಡಿಬಿಡಾಣ. ಯಾರಿಗೆ ಎಷ್ಟು?"

ಯಾರಿಗೆ ಎಷ್ಟು.
ಕಿವಿಯ ಮೇಲಿನ ಪೆನ್ಸಿಲು ತೆಗೆಯುತ್ತ
ಪ್ಲೈವುಡ್ಡಿನ ಬಡಗಿಯೂ ಕೇಳಿದ್ದ, ಇದೇ ದನಿಯಲ್ಲಿ.
ನಲವತ್ತೆಂಟು ಕಣ್ಣಿಗೆ ಅಂದೆ, ಉಳಿದದ್ದು ಕಿವಿಗೆ.
"ಮೊದಲು ಎಲ್ಲಾ ಒರೆಸಬೇಕು. ಏನರ ತೆಗೆದಿಡೋದು ಐತಾ?"

ಇಲ್ಲ ಅಂದೆ. ಚಹಾ ಬಂತು. ಕುಡಿದೆ.
ಇದೆ ಅಂದೆ.

ಬೀಗ ಹಾಕಿದ ಕುಲುಕುಗಳು ನಲವತ್ತಮೂರು.
ಗುಂಡಿ, ಗುಂಡಿ, ನಾಯಿ, ಗುಂಡಿ, ಕುರಿಮಂದೆ,
ಟ್ರ್ಯಾಕ್ಟರಿನ ಹಿಂದೆ ಜಾರಿದ ಹತ್ತಿಯ ಅಂಡಿಗೆ, ಮತ್ತೆ ಗುಂಡಿ,
ಆಮೇಲೆ ಅದು. ಒಂದು ನಿಮಿಷದ್ದು.
"ಇದನ್ನ ಹಾಡಿನ ಕಡೆ ಹಾಕು."
"ಇದು ಹಾಡಲ್ಲಲ್ಲ ಅಣ್ಣಾ" ಅಂದ ಮುನಾಫ್,
ಹಾಕಿದ.

ಈಗ ಗೋಡೆಯಿದೆ.
ಕ್ಯಾಮೆರಾ ತನ್ನ ಪಾಡಿಗೆ ನೋಡುತ್ತದೆ, ಮರೆಯುತ್ತದೆ.
ಜಗಳೂರು ದಾರಿಯ ಆ ಹಂಪ್ಸ್ ಕಿತ್ತು ವರ್ಷವಾಯಿತು,
ಅಲ್ಲಿ ಹೊಸ ಡಾಂಬರು, ಹಾಸಿಗೆ ಹಾಸಿದಂತೆ.
ಆದರೂ ನೂರಾಹನ್ನೆರಡು ಹಾಡುಗಳ ಮಧ್ಯೆ ಯಾವಾಗಲೋ
ಅವನು ಎಚ್ಚರಿಸುತ್ತಾನೆ,
ನಾನು ಎಲ್ಲಿದ್ದರೂ ಸರಿ, ಎಂಥ ನುಣ್ಣನೆ ರಸ್ತೆಯಾದರೂ ಸರಿ,
ಕಾಲು ಬ್ರೇಕಿಗೆ ಹೋಗುತ್ತದೆ.
ಹಿಂದಿನವನು ಹಾರನ್ ಒತ್ತಿ, ಬೈದು, ಮುಂದೆ ಹೋಗುತ್ತಾನೆ.
ಕ್ಯಾಮೆರಾ ಅದನ್ನೂ ಅಪಘಾತವೆಂದು ತಿಳಿದು
ಬೀಗ ಹಾಕಿಟ್ಟುಕೊಳ್ಳುತ್ತದೆ.